ಒಗೆಯುವ ಮನೆಗೂ ಬೆಳಕಿರಲಿ

ಮನೆ ಕಟ್ಟಿಸುವವರು ನಕ್ಷೆಯನ್ನು ಹರವಿಕೊಂಡು ಕುಳಿತಾಗ ಪೂಜಾಗೃಹ ಯಾವ ದಿಕ್ಕಿಗಿರಬೇಕು, ಅಡುಗೆಯ ಒಲೆ ಯಾವ ಮುಖಕ್ಕಿರಬೇಕು, ಪಡಸಾಲೆ ಎಷ್ಟು ಅಗಲವಿರಬೇಕು ಎಂಬುದನ್ನು ವಾರಗಟ್ಟಲೆ ಚರ್ಚಿಸುತ್ತಾರೆ. ಬಟ್ಟೆಗಳನ್ನು ಎಲ್ಲಿ ಒಗೆಯುವುದು, ಎಲ್ಲಿ ಒಣಗಿಸುವುದು ಎಂಬ ಪ್ರಶ್ನೆ ಮಾತ್ರ ಯಾರ ಬಾಯಿಯಿಂದಲೂ ಹೊರಡುವುದಿಲ್ಲ. ಎಲ್ಲ ಕೋಣೆಗಳಿಗೂ ಸ್ಥಳ ಹಂಚಿ ಮುಗಿದ ಮೇಲೆ ಮೆಟ್ಟಿಲ ಕೆಳಗೋ, ಶೌಚಗೃಹದ ಪಕ್ಕದ ಸಂದಿಯಲ್ಲೋ ಉಳಿದ ನಾಲ್ಕಡಿ ಜಾಗವೇ ಒಗೆಯುವ ಸ್ಥಳವಾಗಿಬಿಡುತ್ತದೆ. ಅಲ್ಲಿ ಬಿಸಿಲು ಬೀಳದು, ಗಾಳಿಯಾಡದು, ನೆಲವು ಎಂದಿಗೂ ಆರದು. ಮನೆಮಂದಿಯ ಮೈಗೆ ಹಗಲಿರುಳು ಅಂಟಿಕೊಂಡಿರುವ ವಸ್ತ್ರಗಳು ಶುದ್ಧಿಯಾಗಬೇಕಾದ ಸ್ಥಳವೇ ಮನೆಯ ಅತ್ಯಂತ ಅಶುದ್ಧ ಮೂಲೆಯಾಗಿರುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಆದುದರಿಂದ ಈ ತಿಂಗಳು ಆಹಾರ, ಔಷಧಗಳ ವಿಚಾರವನ್ನು ಬದಿಗಿರಿಸಿ, ಒಗೆಯುವ ಮನೆಯ ವಿಚಾರವನ್ನು ಸದ್ಭಕ್ತರ ಮುಂದಿಡುತ್ತಿದ್ದೇವೆ.

ವೈದ್ಯರಾದವರಿಗೆ ಬಟ್ಟೆ ಒಗೆಯುವ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಆಯುರ್ವೇದದ ಆಚಾರ್ಯರಿಗೆ ಹಾಗೆ ಅನ್ನಿಸಿರಲಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ದಿನಚರ್ಯೆಯನ್ನು ಹೇಳುವಾಗ, ಹಲ್ಲುಜ್ಜುವುದು, ಅಭ್ಯಂಗ, ಸ್ನಾನ ಇವುಗಳ ಸಾಲಿನಲ್ಲಿಯೇ ನಿರ್ಮಲವಾದ ವಸ್ತ್ರ ಧರಿಸುವುದನ್ನೂ ಎಣಿಸಲಾಗಿದೆ. ಅದು ಆಯುಷ್ಯವನ್ನೂ ಹರ್ಷವನ್ನೂ ಕೊಡತಕ್ಕದ್ದೆಂದು ಹೇಳಲಾಗಿದೆ. ಹರ್ಷ ಎಂಬ ಮಾತನ್ನು ಓದುಗರು ಗಮನಿಸಬೇಕು. ಒಗೆದು ಬಿಸಿಲಲ್ಲಿ ಒಣಗಿದ ಅಂಗಿಯನ್ನು ತೊಟ್ಟಾಗ ಮನಸ್ಸಿಗೆ ಆಗುವ ಉಲ್ಲಾಸವನ್ನು ಆಚಾರ್ಯರು ಆರೋಗ್ಯದ ಭಾಗವೆಂದೇ ಪರಿಗಣಿಸಿದ್ದರು.

ಸುಶ್ರುತರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ನಿದಾನಸ್ಥಾನದಲ್ಲಿ ಚರ್ಮರೋಗಗಳನ್ನು ವಿವರಿಸುವ ಐದನೆಯ ಅಧ್ಯಾಯದ ಕೊನೆಯಲ್ಲಿ, ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ರೋಗಗಳು ಯಾವ ಯಾವ ಮಾರ್ಗಗಳಿಂದ ದಾಟುತ್ತವೆ ಎಂಬುದನ್ನು ಅವರು ಒಂದೊಂದಾಗಿ ಎಣಿಸಿದ್ದಾರೆ: ನಿಕಟ ಸಂಸರ್ಗ, ಮೈಯ ಸ್ಪರ್ಶ, ಉಸಿರು, ಸಹಭೋಜನ, ಒಂದೇ ಹಾಸಿಗೆ, ಒಂದೇ ಆಸನ, ಒಬ್ಬರು ಬಳಸಿದ ವಸ್ತ್ರ, ಹೂಮಾಲೆ, ಲೇಪನ. ಸೂಕ್ಷ್ಮದರ್ಶಕವೆಂಬುದು ಕನಸಿನಲ್ಲಿಯೂ ಇಲ್ಲದ ಕಾಲದಲ್ಲಿ ಬಟ್ಟೆಯು ರೋಗವನ್ನು ಹೊತ್ತು ಸಾಗಿಸಬಲ್ಲದೆಂದು ಅವರು ಕಂಡುಕೊಂಡಿದ್ದರು.

ಇಂದಿನ ಕಾಲದಲ್ಲಿ ಈ ಮಾತಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿಯೆಂದರೆ ಹುಳುಕಡ್ಡಿ. ಗಜಕರ್ಣವೆಂದು ಕೆಲವರು ಕರೆಯುವ, ಆಯುರ್ವೇದದಲ್ಲಿ ದದ್ರು ಎಂದು ಹೇಳಿರುವ ಈ ತುರಿಕೆಯ ರೋಗವು ಕೆಲವು ವರ್ಷಗಳಿಂದ ನಮ್ಮ ದೇಶದಲ್ಲೆಲ್ಲ ಹಟಮಾರಿಯಾಗಿ ಬೆಳೆದಿದೆ. ತೊಡೆಯ ಸಂದು, ಸೊಂಟ, ಕಂಕುಳುಗಳಲ್ಲಿ ಬಳೆಯಾಕಾರದ ಕೆಂಪು ಗೆರೆಗಳು ಮೂಡಿ ತುರಿಸುತ್ತವೆ. ಅಂಗಡಿಯಲ್ಲಿ ಯಾರನ್ನೂ ಕೇಳದೆ ಕೊಂಡ, ಸ್ಟೀರಾಯ್ಡ್ ಬೆರೆತ ಮುಲಾಮನ್ನು ಹಚ್ಚಿದರೆ ನಾಲ್ಕು ದಿನ ತುರಿಕೆ ಅಡಗುತ್ತದೆ. ಒಳಗೊಳಗೇ ಶಿಲೀಂಧ್ರವು ಹರಡುತ್ತದೆ. ಇದು ಒಂದು ಕಾರಣ. ಇನ್ನೊಂದು ಕಾರಣ ಬಟ್ಟೆಯ ಬುಟ್ಟಿಯಲ್ಲಿದೆ. ಮಗನಿಗೆ ಚಿಕಿತ್ಸೆ ನಡೆಯುತ್ತಿರುತ್ತದೆ, ಅವನ ಒಳಉಡುಪು ಮತ್ತು ಟವೆಲುಗಳು ಮನೆಯವರೆಲ್ಲರ ಬಟ್ಟೆಗಳೊಡನೆ ಒಂದೇ ಬಕೆಟ್ಟಿನಲ್ಲಿ ತಣ್ಣೀರಿನಲ್ಲಿ ನೆನೆಯುತ್ತಿರುತ್ತವೆ. ತಿಂಗಳೊಳಗೆ ತಾಯಿಗೂ ತಂಗಿಗೂ ತುರಿಕೆ. ಅವರಿಗೆ ಗುಣವಾಗುವಷ್ಟರಲ್ಲಿ ಮಗನಿಗೆ ಮರಳಿ. ಹೀಗೆ ಒಂದು ವರ್ಷ, ಎರಡು ವರ್ಷ ಸುತ್ತುತ್ತಲೇ ಇರುವ ಕುಟುಂಬಗಳನ್ನು ನಾವು ಬಲ್ಲೆವು. ಔಷಧಕ್ಕಾಗಿ ಅವರು ಸಾವಿರಾರು ರೂಪಾಯಿ ಕಳೆದುಕೊಂಡಿರುತ್ತಾರೆ. ಅಂತಹವರಿಗೆ ನಾವು ಔಷಧ ಕೊಡುವುದಕ್ಕಿಂತ ಮೊದಲು ಕೇಳುವ ಪ್ರಶ್ನೆ: ನಿಮ್ಮ ಮನೆಯಲ್ಲಿ ಬಟ್ಟೆ ಎಲ್ಲಿ ಒಣಗುತ್ತದೆ?

ರೋಗಿಯ ಬಟ್ಟೆಗಳಿಗೆ ಬೇರೆ ಬುಟ್ಟಿ ಇರಬೇಕು. ಅವುಗಳನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಬೇಕು. ಅಳೆಯುವ ಸಾಧನವಿಲ್ಲದವರು ಕುದಿಯುವ ನೀರಿಗೆ ಅಷ್ಟೇ ಪ್ರಮಾಣದ ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಆ ಶಾಖ ಬರುತ್ತದೆ. ಅದು ಕೈ ಸುಡುವ ಬಿಸಿ. ಬಟ್ಟೆಯನ್ನು ಕೋಲಿನಿಂದ ಅದುಮಬೇಕೇ ಹೊರತು ಕೈಯಿಂದಲ್ಲ, ಮಕ್ಕಳನ್ನು ಹತ್ತಿರ ಬಿಡಬಾರದು. ಬಳಿಕ ಒಳಮೈ ಹೊರಗಾಗುವಂತೆ ತಿರುವಿ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಹೊಲಿಗೆಯ ಅಂಚುಗಳಿಗೆ ವಿಶೇಷವಾಗಿ ಇಸ್ತ್ರಿ ಮಾಡಬೇಕು. ಕಜ್ಜಿಯ ವಿಷಯದಲ್ಲಿ ಮತ್ತೊಂದು ಅನುಕೂಲವಿದೆ. ಆ ಹುಳುವು ಮನುಷ್ಯನ ಚರ್ಮವನ್ನು ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕಲಾರದು. ಬಿಸಿನೀರಿಗೆ ಹಾಕಲಾಗದ ಕಂಬಳಿ, ರೇಷ್ಮೆ ಮುಂತಾದವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಒಂದು ವಾರ ಇರಿಸಿದರೆ ಸಾಕಾಗುತ್ತದೆ. ಮನೆಯವರೆಲ್ಲರೂ ಒಂದೇ ದಿನ ಚಿಕಿತ್ಸೆ ಪಡೆದು, ಅದೇ ದಿನ ಬಟ್ಟೆ ಹಾಸಿಗೆಗಳನ್ನೂ ಶುದ್ಧಿಗೊಳಿಸಬೇಕು. ಒಬ್ಬರು ಇಂದು, ಒಬ್ಬರು ಮುಂದಿನ ವಾರ ಎಂದರೆ ಪ್ರಯೋಜನವಿಲ್ಲ.

ಇನ್ನು ಕೋಣೆಯ ವಿಚಾರ. ಮಡಿವಾಳ ಮಾಚಯ್ಯನವರ ನಾಡಿನವರು ನಾವು. ದೇವರ ಹಿಪ್ಪರಗಿಯಲ್ಲಿ ಜನಿಸಿ, ಕಲ್ಯಾಣಕ್ಕೆ ಬಂದು, ಶರಣರ ವಸ್ತ್ರಗಳನ್ನು ಮಡಿ ಮಾಡುವುದನ್ನೇ ಕಾಯಕವಾಗಿ ಸ್ವೀಕರಿಸಿ, ಕಲಿದೇವರದೇವ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಶರಣರು ಅವರು. ಬಟ್ಟೆ ಒಗೆಯುವುದು ಕೀಳು ಕೆಲಸವೆಂಬ ಭಾವನೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ತೊಡೆದುಹಾಕಿದ ಪರಂಪರೆ ನಮ್ಮದಾಗಿರುವಾಗ, ಆ ಕಾಯಕ ನಡೆಯುವ ಸ್ಥಳಕ್ಕೆ ಮಾತ್ರ ಮನೆಯಲ್ಲಿ ಗೌರವವಿಲ್ಲದಿರುವುದು ಹೇಗೆ ಸರಿ? ಪ್ರತಿದಿನ ಒಂದೆರಡು ಗಂಟೆ ಅಲ್ಲಿ ನಿಲ್ಲುವವರು ಮನೆಯ ತಾಯಿಯೋ, ಸೊಸೆಯೋ, ಕೆಲಸಕ್ಕೆ ಬರುವ ಹೆಣ್ಣುಮಗಳೋ ಆಗಿರುತ್ತಾರೆ. ನಕ್ಷೆಯ ಮುಂದೆ ಕುಳಿತು ನಿರ್ಧರಿಸುವವರು ಹೆಚ್ಚಾಗಿ ಗಂಡಸರು. ಇಲ್ಲಿಯೇ ತೊಡಕು ಇರುವುದು.

ಒಗೆಯುವ ಮನೆ ಪೂರ್ವಕ್ಕೋ ದಕ್ಷಿಣಕ್ಕೋ ತೆರೆದುಕೊಂಡಿದ್ದರೆ ಉತ್ತಮ. ಇದರಲ್ಲಿ ವಾಸ್ತುವಿನ ಮಾತೇನೂ ಇಲ್ಲ. ಬಿಸಿಲು ಬರುವುದು ಆ ಕಡೆಗಳಿಂದ ಎಂಬುದಷ್ಟೇ ಕಾರಣ. ಆರಡಿ ಅಗಲ, ಎಂಟಡಿ ಉದ್ದದ ಜಾಗ ದೊರೆತರೆ ಯಂತ್ರ, ಒಗೆಯುವ ಕಲ್ಲು, ಬಟ್ಟೆ ಮಡಿಸುವ ಕಟ್ಟೆ ಮೂರಕ್ಕೂ ಸಾಲುತ್ತದೆ. ಎದುರುಬದುರಾಗಿ ಎರಡು ಕಿಟಕಿಗಳಿರಲಿ. ಒಂದಕ್ಕೆ ಮಾತ್ರ ಅವಕಾಶವಿದ್ದರೆ ಎದುರಿನ ಗೋಡೆಯ ಮೇಲ್ಭಾಗದಲ್ಲಿ ಜಾಲಂಧ್ರವಿರಲಿ. ಒಂದು ಕಡೆಯಿಂದ ಗಾಳಿ ಬಂದು ಇನ್ನೊಂದು ಕಡೆಯಿಂದ ಹೊರಟರೆ ಮಾತ್ರ ತೇವ ಹೊರಗೆ ಹೋಗುತ್ತದೆ. ಗೋಡೆಗೆ ಬಿಳಿ ಅಥವಾ ತಿಳಿಹಳದಿ ಬಣ್ಣ ಬಳಿದರೆ ಸಣ್ಣ ಕಿಟಕಿಯ ಬೆಳಕೂ ಇಮ್ಮಡಿಯಾಗಿ ತೋರುತ್ತದೆ, ಬಟ್ಟೆಯ ಕಲೆಯೂ ಸ್ಪಷ್ಟವಾಗಿ ಕಾಣುತ್ತದೆ. ಕಿಟಕಿಯ ಹೊರಗೆ ಒಂದು ತುಳಸಿಯ ಕುಂಡವನ್ನೋ ಮಲ್ಲಿಗೆಯ ಬಳ್ಳಿಯನ್ನೋ ಇರಿಸಿದರೆ ಬೇಡವೆನ್ನುವವರು ಯಾರು? ಕೆಲಸ ಮಾಡುವವರ ಕಣ್ಣಿಗೆ ಹಸಿರು ಕಾಣಬೇಕು. ಅಲ್ಲೊಂದು ರೇಡಿಯೋ ಇರಿಸಿಕೊಂಡು ವಚನಗಾಯನ ಕೇಳುತ್ತ ಒಗೆಯುವ ತಾಯಂದಿರನ್ನು ಕಂಡು ನಮಗೆ ಸಂತೋಷವಾಗಿದೆ.

ನೆಲಕ್ಕೆ ನುಣುಪಾದ ಹೊಳೆಯುವ ಟೈಲ್ಸ್ ಹಾಕಿಸುವುದು ಈಗಿನ ರೂಢಿ. ಸಾಬೂನಿನ ನೀರು ಬಿದ್ದಾಗ ಅದು ಗಾಜಿನಂತೆ ಜಾರುತ್ತದೆ. ಅರವತ್ತು ದಾಟಿದವರಿಗೆ ತೊಡೆಯ ಮೂಳೆ ಮುರಿದರೆ ಹಾಸಿಗೆ ಹಿಡಿಯುವ ಕಾಲ ದೀರ್ಘ, ಕೆಲವರು ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ. ಒರಟು ಮೈಯ ಶಹಾಬಾದ್ ಕಲ್ಲು ನಮ್ಮಲ್ಲಿಯೇ ದೊರೆಯುವಾಗ ಅದನ್ನು ಬಿಡುವುದೇಕೆ? ನೆಲವು ಮೋರಿಯ ಕಡೆಗೆ ಹತ್ತಡಿಗೆ ಎರಡಂಗುಲದಷ್ಟಾದರೂ ಇಳಿಜಾರಾಗಿರಬೇಕು. ಕೆಲಸ ಮುಗಿದ ಅರ್ಧ ಗಂಟೆಯಲ್ಲಿ ನೆಲ ಆರಿದರೆ ಇಳಿಜಾರು ಸರಿಯಾಗಿದೆಯೆಂದು ತಿಳಿಯಿರಿ. ಮೋರಿಯ ಬಾಯಿಗೆ ನೀರು ನಿಲ್ಲುವ ಟ್ರ್ಯಾಪ್ ಇದ್ದರೆ ದುರ್ವಾಸನೆಯೂ ಜಿರಳೆಯೂ ಮೇಲೆ ಬರುವುದಿಲ್ಲ.

ಒಗೆಯುವ ಕಲ್ಲಿನ ಎತ್ತರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮಲ್ಲಿಗೆ ಸೊಂಟನೋವೆಂದು ಬರುವ ತಾಯಂದಿರಿಗೆ ನಾವು ಕಟಿಬಸ್ತಿ ಮಾಡುತ್ತೇವೆ, ಸಹಚರಾದಿ ತೈಲ ಕೊಡುತ್ತೇವೆ, ನೋವು ಇಳಿಯುತ್ತದೆ. ಮನೆಗೆ ಹೋಗಿ ನೆಲದ ಮೇಲಿನ ಕಲ್ಲಿಗೆ ಬಾಗಿ ಹದಿನೈದು ದಿನ ಒಗೆದರೆ ನೋವು ಮರಳುತ್ತದೆ. ಕಾರಣವನ್ನು ತೆಗೆದುಹಾಕುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಇದನ್ನೇ ನಮ್ಮ ಶಾಸ್ತ್ರವು ನಿದಾನ ಪರಿವರ್ಜನವೆನ್ನುತ್ತದೆ. ನಿಂತು ಒಗೆಯುವವರ ಕಲ್ಲು ಅವರ ಮೊಣಕೈಗಿಂತ ನಾಲ್ಕರಿಂದ ಎಂಟು ಅಂಗುಲ ಕೆಳಗಿರಬೇಕು. ಐದಡಿ ಎತ್ತರದ ಹೆಣ್ಣುಮಗಳಿಗೆ ಇದು ನೆಲದಿಂದ ಸುಮಾರು 30ರಿಂದ 33 ಅಂಗುಲವಾಗುತ್ತದೆ. ಗಾರೆಯವನಿಗೆ ಅಳತೆ ಹೇಳುವ ಮುನ್ನ, ನಿತ್ಯ ಒಗೆಯುವವರನ್ನು ಗೋಡೆಯ ಪಕ್ಕದಲ್ಲಿ ನಿಲ್ಲಿಸಿ ಮೊಣಕೈ ಬಳಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಕಲ್ಲು ಮುಂದಕ್ಕೆ ಅಲ್ಪ ಇಳಿಜಾರಾಗಿದ್ದು ಅದರ ಬುಡದಲ್ಲಿ ಪಾದದ ತುದಿ ಒಳಗೆ ಹೋಗುವಷ್ಟು ಸಂದಿದ್ದರೆ ಹತ್ತಿರ ನಿಲ್ಲಲು ಅನುಕೂಲ.

ಬಕೆಟ್ಟನ್ನು ಎತ್ತುವುದೂ ಬೆನ್ನಿಗೆ ಶತ್ರುವೇ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಇಪ್ಪತ್ತು ಲೀಟರಿನ ಬಕೆಟ್ಟನ್ನು ಬಾಗಿ ಎತ್ತಿ ಕಲ್ಲಿನ ಮೇಲಿಡುವವರು ಇಪ್ಪತ್ತು ಕಿಲೋ ಜೋಳದ ಚೀಲವನ್ನು ಎತ್ತಿದಂತೆ. ಬಾಣಂತಿಯರು, ಗರ್ಭಕೋಶ ಜಾರಿದವರು, ಅಂಡವಾಯು ಅಂದರೆ ಹರ್ನಿಯಾ ಇರುವವರು ಈ ಕೆಲಸವನ್ನು ಮಾಡಲೇಬಾರದು. ನಲ್ಲಿಯನ್ನು ಕಲ್ಲಿನ ಮೇಲೆಯೇ ಬರುವಂತೆ ಹಾಕಿಸಿ, ಬಕೆಟ್ಟಿಗೆ ಪಕ್ಕದಲ್ಲಿ ಒಂದೂವರೆ ಅಡಿಯ ಕಟ್ಟೆ ಕಟ್ಟಿಸಿದರೆ ಎತ್ತುವ ಪ್ರಸಂಗವೇ ಬಾರದು. ಖರ್ಚು ಕೆಲವೇ ಇಟ್ಟಿಗೆಗಳದು.

ಕೊಳೆಬಟ್ಟೆ ಒಂದು ಬದಿಯಿಂದ ಬಂದು, ಮಡಿಬಟ್ಟೆ ಇನ್ನೊಂದು ಬದಿಯಿಂದ ಹೊರಡುವಂತೆ ಕೋಣೆಯನ್ನು ಜೋಡಿಸಬೇಕು: ಬುಟ್ಟಿಗಳು, ನೆನೆಸುವ ಸ್ಥಳ, ಕಲ್ಲು ಅಥವಾ ಯಂತ್ರ, ಕೊನೆಗೆ ಮಡಿಸುವ ಕಟ್ಟೆ. ಬುಟ್ಟಿ ಬಿದಿರಿನದ್ದಾದರೆ ಗಾಳಿಯಾಡುತ್ತದೆ. ಬೆವರಿದ ಬಟ್ಟೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುರುಕಿ ವಾರಾಂತ್ಯದವರೆಗೆ ಇರಿಸುವ ಅಭ್ಯಾಸ, ವಿಶೇಷವಾಗಿ ಹಾಸ್ಟೆಲಿನಿಂದ ಬರುವ ಮಕ್ಕಳದ್ದು, ಬೂಷ್ಟಿಗೆ ಹಬ್ಬದೂಟವಿದ್ದಂತೆ. ತಂತಮ್ಮ ಬಟ್ಟೆಗಳ ಜೇಬು ನೋಡಿ, ತಿರುವಿ, ಸರಿಯಾದ ಬುಟ್ಟಿಗೆ ಹಾಕುವುದು ಐದು ವರ್ಷ ದಾಟಿದ ಪ್ರತಿಯೊಬ್ಬರ ಕೆಲಸ. ಮನೆಯ ಯಜಮಾನರೂ ಐದು ವರ್ಷ ದಾಟಿದವರೇ.

ಶಿವದಾರ ಹಾಗೂ ಇಷ್ಟಲಿಂಗವನ್ನು ಸುತ್ತುವ ವಸ್ತ್ರದ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಅವು ಸದಾ ಎದೆ, ಕತ್ತುಗಳಿಗೆ ತಗುಲಿ ಬೆವರನ್ನು ಹೀರುತ್ತವೆ. ಬೇಸಿಗೆಯಲ್ಲಿ ಕೆಲವರಿಗೆ ಕತ್ತಿನ ಸುತ್ತ ತುರಿಕೆ, ಕಪ್ಪುಗೆರೆ ಕಾಣುವುದು ಇದರಿಂದಲೇ. ಎರಡು ಜೊತೆಗಳನ್ನಿರಿಸಿಕೊಂಡು ದಿನ ಬಿಟ್ಟು ದಿನ ಪ್ರತ್ಯೇಕವಾಗಿ ತೊಳೆದು, ಪೂರ್ಣ ಒಣಗಿದ ಮೇಲೆಯೇ ಧರಿಸಬೇಕು. ಪೂಜೆಯ ವಸ್ತ್ರವೆಂಬ ಭಕ್ತಿಯಿಂದ ಒದ್ದೆಯಾಗಿಯೇ ಧರಿಸುವುದು ಚರ್ಮಕ್ಕೆ ಹಿತವಲ್ಲ.

ಒಣಗಿಸುವ ವಿಚಾರದಲ್ಲಿ ನಮ್ಮ ಆಚಾರ್ಯರ ಮಾತು ಬಹಳ ಸ್ಪಷ್ಟ. ಶಿಶುವಿನ ಹಾಸಿಗೆ, ಹೊದಿಕೆಗಳು ಮೃದುವಾಗಿ, ಹಗುರವಾಗಿ, ಶುಚಿಯಾಗಿ, ಸುವಾಸನೆಯಿಂದ ಕೂಡಿರಬೇಕೆಂದು ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯ ಹೇಳುತ್ತದೆ. ಬೆವರು, ಕೊಳೆ, ಕ್ರಿಮಿಗಳಿಂದ ಕೂಡಿದವುಗಳನ್ನೂ, ಮಲಮೂತ್ರ ತಗುಲಿದವುಗಳನ್ನೂ ತ್ಯಜಿಸಬೇಕು. ಬೇರೆ ಇಲ್ಲದಿದ್ದರೆ ಅವನ್ನೇ ಚೆನ್ನಾಗಿ ತೊಳೆದು, ಧೂಪ ಕೊಟ್ಟು, ಶುದ್ಧವಾಗಿ ಒಣಗಿಸಿ ಬಳಸಬೇಕು ಎಂಬುದು ಅಲ್ಲಿನ ವಿಧಾನ. ಬಡವರ ಮನೆಯ ಕಷ್ಟವನ್ನು ಅರಿತು ಬರೆದ ಮಾತಿದು. ಧೂಪಕ್ಕೆ ಸಾಸಿವೆ, ಗುಗ್ಗುಳ, ಬಜೆ ಮೊದಲಾದ ದ್ರವ್ಯಗಳನ್ನು ಹೇಳಿದ್ದಾರೆ. ಆದರೆ ಉಬ್ಬಸವಿರುವ ಮಗುವಿನ ಮನೆಯಲ್ಲಿ ಹೊಗೆ ಬೇಡವೆಂದೇ ನಾವು ಹೇಳುತ್ತೇವೆ. ಬಟ್ಟೆಗೆ ಬಿಸಿಲು ಸಾಕು.

ಉಬ್ಬಸದ ಮಾತು ಬಂದುದರಿಂದ ಇನ್ನೊಂದು ಸಂಗತಿ. ಐದು ಕಿಲೋ ಬಟ್ಟೆಯನ್ನು ಯಂತ್ರವು ಹಿಂಡಿ ಕೊಟ್ಟ ಮೇಲೂ ಅದರಲ್ಲಿ ಎರಡು ಮೂರು ಲೀಟರ್ ನೀರು ಉಳಿದಿರುತ್ತದೆ. ಕೈಯಲ್ಲಿ ಹಿಂಡಿದ್ದಾದರೆ ಇನ್ನೂ ಹೆಚ್ಚು. ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸಿದರೆ ಆ ನೀರೆಲ್ಲ ಆ ಕೋಣೆಯ ಗಾಳಿಗೆ ಸೇರುತ್ತದೆ. ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಹಾಸಿಗೆ, ದಿಂಬುಗಳಲ್ಲಿ ಕಣ್ಣಿಗೆ ಕಾಣದ ಧೂಳುಹುಳುಗಳು ತೇವವನ್ನು ಕುಡಿದು ಬೆಳೆಯುತ್ತವೆ. ಬೆಳಗಿನ ಜಾವ ಸಾಲುಸೀನು, ಮೂಗುಕಟ್ಟು, ಎದೆ ಗುಂಯ್‌ಗುಡುವುದು ಅಂತಹ ಮನೆಗಳ ಮಕ್ಕಳಲ್ಲಿ ಹೆಚ್ಚು. ಹಾಸುಹೊದಿಕೆಗಳನ್ನು ವಾರಕ್ಕೊಮ್ಮೆ ಮೇಲೆ ಹೇಳಿದ ಬಿಸಿನೀರಿನಲ್ಲಿ ಒಗೆಯುವುದರಿಂದ ಧೂಳುಹುಳು ಸಾಯುತ್ತದೆ. ಮಳೆಗಾಲದಲ್ಲಿ ಬೇರೆ ದಾರಿಯಿಲ್ಲವೆಂಬುದು ನಮಗೂ ಗೊತ್ತು. ಮಲೆನಾಡಿನವರು ಬಚ್ಚಲೊಲೆಯ ಮೇಲಿನ ಬಿಸಿಯಲ್ಲಿ ಒಣಗಿಸಿಕೊಳ್ಳುವುದುಂಟು. ನಮ್ಮ ಬಯಲುಸೀಮೆಯವರು ಒಗೆಯುವ ಮನೆಯ ಸೂರನ್ನು ಎರಡಡಿ ಮುಂದಕ್ಕೆ ಚಾಚಿಸಿ, ಅದರಡಿ ಹಗ್ಗ ಕಟ್ಟಿಕೊಂಡರೆ ಮಳೆ ತಗುಲದೆ ಗಾಳಿ ತಗುಲುತ್ತದೆ. ಎರಡು ಬಟ್ಟೆಗಳ ನಡುವೆ ಒಂದು ಗೇಣು ಅಂತರವಿರಲಿ. ಒಳಉಡುಪು, ಕಾಲುಚೀಲ, ಮಕ್ಕಳ ಬಟ್ಟೆಗಳಿಗೆ ಮೊದಲ ಸ್ಥಾನ. ಪ್ಯಾಂಟು, ಚಾದರಗಳು ಕಾಯಲಿ.

ಈಗ ಹೇಳುವ ಮಾತನ್ನು ಮಠದ ಪತ್ರಿಕೆಯಲ್ಲಿ ಹೇಳಬಹುದೇ ಎಂದು ಸಂಕೋಚಪಡುವವರಿರಬಹುದು. ಮಠದ ಪತ್ರಿಕೆಯಲ್ಲಿಯೇ ಹೇಳಬೇಕೆಂಬುದು ನಮ್ಮ ನಿಲುವು. ಮುಟ್ಟಿನ ಸಮಯದಲ್ಲಿ ಬಟ್ಟೆ ಬಳಸುವ ಹೆಣ್ಣುಮಕ್ಕಳು ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಬಟ್ಟೆ ಬಳಸುವುದರಲ್ಲಿ ದೋಷವೇನಿಲ್ಲ. ಅದನ್ನು ಯಾರ ಕಣ್ಣಿಗೂ ಬೀಳದಂತೆ ಸಾಬೂನಿಲ್ಲದೆ ಅವಸರದಲ್ಲಿ ತೊಳೆದು, ಸೀರೆಯ ಅಡಿಯಲ್ಲೋ, ಹಂಡೆಯ ಹಿಂದಿನ ಕತ್ತಲಲ್ಲೋ ಅರೆಬರೆ ಒಣಗಿಸಿ, ತೇವವಾಗಿಯೇ ಮತ್ತೆ ಧರಿಸುವುದರಲ್ಲಿ ದೋಷವಿದೆ. ತೊಡೆಸಂದಿನ ಹುಣ್ಣು, ತುರಿಕೆ, ಬಿಳಿಸೆರಗು, ಉರಿಮೂತ್ರ ಎಂದು ಬರುವ ಎಳೆಯ ಹುಡುಗಿಯರನ್ನು ವಿಚಾರಿಸಿದರೆ ಎಷ್ಟೋ ಬಾರಿ ಕತೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಇದು ರೋಗದ ಮಾತಷ್ಟೇ ಆಗಿದ್ದರೆ ಔಷಧ ಕೊಟ್ಟು ಕಳುಹಿಸಬಹುದಿತ್ತು. ಇಲ್ಲಿ ರೋಗದ ಬೇರು ನಾಚಿಕೆಯಲ್ಲಿದೆ.

ಬಸವಾದಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಜಾತಿ, ಜನನ, ಮರಣ, ಎಂಜಲು ಇವುಗಳೊಡನೆ ರಜಸ್ಸಿನ ಸೂತಕವೂ ಇಲ್ಲವೆಂದರು. ಲಿಂಗಧಾರಣೆಯಾದ ಹೆಣ್ಣುಮಗಳಿಗೆ ಮೈಲಿಗೆಯೆಂಬುದೇ ಇಲ್ಲ. ಆ ತತ್ತ್ವವನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ನಮ್ಮ ಮನೆಗಳಲ್ಲಿ ಮಗಳು ತನ್ನ ಬಟ್ಟೆಯನ್ನು ಬಿಸಿಲಿಗೆ ಹಾಕಲು ಹೆದರುತ್ತಾಳೆಂದರೆ ತತ್ತ್ವವು ಹಿತ್ತಲಿನವರೆಗೆ ಬಂದಿಲ್ಲವೆಂದಾಯಿತು. ತಣ್ಣೀರಿನಲ್ಲಿ ಮೊದಲು ರಕ್ತವನ್ನು ಬಿಡಿಸಿ (ಬಿಸಿನೀರಿನಿಂದ ಕಲೆ ಗಟ್ಟಿಯಾಗುತ್ತದೆ), ಬಳಿಕ ಸಾಬೂನು ಹಾಕಿ ಬಿಸಿನೀರಿನಲ್ಲಿ ತೊಳೆದು, ನೇರ ಬಿಸಿಲಿನಲ್ಲಿ ಒಣಗಿಸಿ, ಶುಚಿಯಾದ ಹತ್ತಿಯ ಚೀಲದಲ್ಲಿ ಇರಿಸಿಕೊಳ್ಳಬೇಕು. ಒಗೆಯುವ ಮನೆಗೆ ಒಳಚಿಲಕ, ಬಿಸಿಲು ಬೀಳುವ ಒಂದು ಪ್ರತ್ಯೇಕ ಹಗ್ಗ, ಇಷ್ಟಿದ್ದರೆ ಅರ್ಧ ಕಷ್ಟ ತೀರಿತು. ಉಳಿದರ್ಧವು ತಾಯಿ, ಅಜ್ಜಿ, ತಂದೆಯರ ನಡೆನುಡಿಗೆ ಬಿಟ್ಟದ್ದು.

ಸಾಬೂನು, ಪುಡಿಗಳ ಬಗೆಗೆ ಎರಡು ಮಾತು. ಬಯಲುಸೀಮೆಯ ಬಹುತೇಕ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿನ ಸುಣ್ಣದ ಅಂಶವು ಸಾಬೂನಿನೊಡನೆ ಕೂಡಿ ಬಿಳಿ ಗಸಿಯಾಗುತ್ತದೆ, ನೊರೆ ಬರುವುದಿಲ್ಲ. ನೊರೆ ಬರಲಿಲ್ಲವೆಂದು ಪುಡಿಯನ್ನು ಸುರಿಯುತ್ತಲೇ ಹೋದರೆ ಅದು ಬಟ್ಟೆಯ ಎಳೆಗಳಲ್ಲಿ ಉಳಿದು ಮಕ್ಕಳ ಮೈ ಕೆಂಪಾಗುತ್ತದೆ. ನಾಲ್ಕು ಜನರ ಬಟ್ಟೆಗೆ ಎರಡು ದೊಡ್ಡ ಚಮಚ ಪುಡಿ ಸಾಮಾನ್ಯವಾಗಿ ಸಾಕು, ಜಾಲಿಸುವ ನೀರು ಮಾತ್ರ ಧಾರಾಳವಾಗಿರಲಿ. ಪುಡಿಯ ಕ್ಷಾರದಿಂದ ಕೈ ಬಿರಿಯುವವರನ್ನು ನಾವು ನಿತ್ಯ ನೋಡುತ್ತೇವೆ. ಆಯುರ್ವೇದದಲ್ಲಿ ಇದನ್ನು ಹೋಲುವ, ಅಂಗೈ ಅಂಗಾಲು ಸೀಳುವ ವಿಕಾರಕ್ಕೆ ವಿಪಾದಿಕೆ ಎಂದು ಹೆಸರು. ಒಗೆದು ಮುಗಿದೊಡನೆ ಕೈಯನ್ನು ಸ್ವಚ್ಛ ನೀರಿನಲ್ಲಿ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆಯನ್ನೋ ತುಪ್ಪವನ್ನೋ ಸವರಬೇಕು. ಅದಕ್ಕೆಂದೇ ಒಗೆಯುವ ಮನೆಯ ಗೂಡಿನಲ್ಲಿ ಒಂದು ಬಟ್ಟಲು ಎಣ್ಣೆ ಸದಾ ಇರಲಿ. ಅಡುಗೆಮನೆಗೆ ಹೋಗಿ ಹಚ್ಚಿಕೊಳ್ಳುತ್ತೇನೆಂದವರು ಮರೆಯುತ್ತಾರೆ.

ರೇಷ್ಮೆ, ಉಣ್ಣೆಗಳಿಗೆ ಅಂಟುವಾಳವೇ ಶ್ರೇಷ್ಠ. ಬೀಜ ತೆಗೆದ ಎಂಟು ಹತ್ತು ಕಾಯಿಗಳನ್ನು ರಾತ್ರಿ ಒಂದು ಲೀಟರ್ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಹತ್ತು ನಿಮಿಷ ಕುದಿಸಿ, ಕಿವುಚಿ ಸೋಸಿದರೆ ನೊರೆಯ ನೀರು ಸಿದ್ಧ. ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬಾರದು, ಹುಳಿಯುತ್ತದೆ. ಕಣ್ಣಿಗೆ ಹಾರಿದರೆ ಬಹಳ ಉರಿಯುತ್ತದೆ. ನೈಸರ್ಗಿಕವಾದುದೆಲ್ಲ ನಿರಪಾಯವೆಂದು ಭಾವಿಸಬಾರದು ಎಂಬುದಕ್ಕೆ ಇದೂ ಒಂದು ಉದಾಹರಣೆ. ಹಾಗೆಯೇ ದಿನನಿತ್ಯದ ಬೆವರಿನ ಹತ್ತಿಬಟ್ಟೆಗೆ, ಎಣ್ಣೆಯ ಕಲೆಗೆ ಅಂಟುವಾಳದ ಶಕ್ತಿ ಸಾಲದೆಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಬ್ಲೀಚಿಂಗ್ ದ್ರಾವಣವನ್ನು ಶೌಚಾಲಯ ತೊಳೆಯುವ ಆಸಿಡ್ಡಿನೊಡನೆ ಎಂದಿಗೂ ಬೆರೆಸಬೇಡಿ. ಆಗ ಹೊರಡುವ ಕ್ಲೋರಿನ್ ಅನಿಲವು ಮುಚ್ಚಿದ ಸಣ್ಣ ಕೋಣೆಯಲ್ಲಿ ಪ್ರಾಣಾಂತಕ. ಇಂತಹ ದ್ರವಗಳನ್ನು ಕುಡಿಯುವ ನೀರಿನ ಅಥವಾ ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡುವ ಕೆಟ್ಟ ರೂಢಿಯಿಂದ ಎಷ್ಟೋ ಮಕ್ಕಳು ಅನ್ನನಾಳ ಸುಟ್ಟುಕೊಂಡಿದ್ದಾರೆ. ಮೂಲ ಡಬ್ಬಿಯಲ್ಲಿಯೇ, ಐದಡಿ ಎತ್ತರದ ಬಾಗಿಲಿರುವ ಗೂಡಿನಲ್ಲಿ ಇರಿಸಬೇಕು. ಅಕಸ್ಮಾತ್ ಮಗು ಕುಡಿದರೆ ವಾಂತಿ ಮಾಡಿಸಬಾರದು. ವಮನವು ನಮ್ಮ ಪಂಚಕರ್ಮಗಳಲ್ಲಿ ಮೊದಲನೆಯದಾದರೂ ಇಲ್ಲಿ ಅದು ಸರ್ವಥಾ ನಿಷಿದ್ಧ. ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಡುತ್ತದೆ. ಬಾಯಿಯನ್ನು ನೀರಿನಿಂದ ಒರೆಸಿ, ಡಬ್ಬಿಯನ್ನೂ ಕೈಯಲ್ಲಿ ಹಿಡಿದು, ತಕ್ಷಣ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಯಾವ ಮನೆಮದ್ದಿಗೂ ಅಲ್ಲಿ ಸ್ಥಾನವಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಉದಾಸೀನ ಬೇಡ. ಯಂತ್ರದ ಸಾಕೆಟ್ಟು ನಲ್ಲಿಯಿಂದ ದೂರವಾಗಿ ನಾಲ್ಕಡಿಗಿಂತ ಮೇಲಿರಬೇಕು, ಭೂಸಂಪರ್ಕ ಅಂದರೆ ಅರ್ಥಿಂಗ್ ಸರಿಯಾಗಿರಬೇಕು, 30 ಮಿಲಿ ಆಂಪಿಯರಿಗೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸಾಧನವನ್ನು ಹಾಕಿಸಬೇಕು. ಒಣಹಾಕಲು ಕಬ್ಬಿಣದ ತಂತಿಯನ್ನು ಕಟ್ಟಬೇಡಿ. ಮನೆಗೆ ಬರುವ ವಿದ್ಯುತ್ ತಂತಿಯ ಹೊದಿಕೆ ಸವೆದು ಅದಕ್ಕೆ ತಗುಲಿ, ಒದ್ದೆಬಟ್ಟೆ ಹಾಕಲು ಹೋದ ತಾಯಿ, ಆಕೆಯನ್ನು ಬಿಡಿಸಲು ಹೋದ ಮಗ, ಇಬ್ಬರೂ ಜೀವ ಕಳೆದುಕೊಂಡಂತಹ ಸುದ್ದಿಗಳನ್ನು ಪ್ರತಿ ಮಳೆಗಾಲದಲ್ಲಿಯೂ ಪತ್ರಿಕೆಗಳಲ್ಲಿ ಓದುತ್ತೇವೆ. ನೈಲಾನ್ ಹಗ್ಗದ ಬೆಲೆ ನೂರು ರೂಪಾಯಿಯ ಆಸುಪಾಸಿನದು. ಈ ಪತ್ರಿಕೆಯನ್ನು ಕೆಳಗಿಟ್ಟ ಮೇಲೆ ಮಾಡಬೇಕಾದ ಮೊದಲ ಕೆಲಸ ನಿಮ್ಮ ಹಿತ್ತಲಿನ ತಂತಿ ಯಾವುದರದೆಂದು ನೋಡುವುದು.

ಯಂತ್ರ ಕೊಳ್ಳಬೇಕೇ ಬೇಡವೇ ಎಂದು ನಮ್ಮನ್ನು ಕೇಳುವವರುಂಟು. ಬೆನ್ನುನೋವು, ಸಂಧಿವಾತ, ಬಾಣಂತನ ಇರುವ ಮನೆಯಲ್ಲಿ ಅದು ಸುಖವಸ್ತುವಲ್ಲ, ಪಥ್ಯದ ಭಾಗ. ಒಗೆತ ಮುಗಿದ ಮೇಲೆ ಬಾಗಿಲನ್ನು ತೆರೆದಿಡಬೇಕು. ಮುಂಬಾಗಿಲಿನ ಯಂತ್ರದಲ್ಲಿ ರಬ್ಬರು ಪಟ್ಟಿಯ ಮಡಿಕೆಯನ್ನು ಒರೆಸಬೇಕು, ಇಲ್ಲವಾದರೆ ಬೂಷ್ಟು ಅಲ್ಲಿಯೇ ಮನೆಮಾಡಿ ಒಗೆದ ಬಟ್ಟೆಗೇ ಅಂಟುತ್ತದೆ.

ಕೊನೆಯದಾಗಿ ನೀರು. ಒಗೆದು ಜಾಲಿಸಿದ ಕೊನೆಯ ನೀರು ತೆಂಗು, ಬಾಳೆಗಳಿಗೆ ಹೋಗಲಿ. ಒಂದೇ ಗಿಡಕ್ಕೆ ವರ್ಷವಿಡೀ ಹರಿಸದೆ ಆಗಾಗ ಬದಲಿಸಬೇಕು, ಸೊಪ್ಪು ತರಕಾರಿಗಳಿಗೆ ಬೇಡ. ರೋಗಿಯ ಬಟ್ಟೆ, ಮಗುವಿನ ಮಲದ ಬಟ್ಟೆ ತೊಳೆದ ನೀರು ನೇರವಾಗಿ ಮೋರಿಗೇ ಹೋಗಬೇಕು. ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನಲ್ಲಿನೀರು ಬರುವ ನಮ್ಮ ಊರುಗಳಲ್ಲಿ ಒಗೆಯುವ ಮನೆಯೆಂದರೆ ತೊಟ್ಟಿ, ಪೀಪಾಯಿಗಳ ಮನೆಯೂ ಹೌದು. ಡೆಂಗಿ ಹರಡುವ ಸೊಳ್ಳೆಯು ಇಂತಹ ಸ್ವಚ್ಛ ನೀರಿನಲ್ಲಿಯೇ ಮೊಟ್ಟೆಯಿಟ್ಟು, ಏಳರಿಂದ ಹತ್ತು ದಿನಗಳಲ್ಲಿ ಹಾರಲು ಸಿದ್ಧವಾಗುತ್ತದೆ. ತೊಟ್ಟಿಗೆ ಬಿಗಿಯಾದ ಮುಚ್ಚಳವಿರಲಿ. ವಾರಕ್ಕೊಂದು ದಿನ, ಸೋಮವಾರವೆಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ, ಪೂರ್ತಿ ಬರಿದು ಮಾಡಿ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಒಂದು ಹೊತ್ತು ಬಿಸಿಲಿಗೆ ಒಣಗಿಸಿ ಮತ್ತೆ ತುಂಬಬೇಕು. ಬರಿದೆ ನೀರು ಚೆಲ್ಲಿದರೆ ಸಾಲದು; ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ತಿಕ್ಕಿದರೆ ಮಾತ್ರ ಬಿಡುತ್ತವೆ.